ಪಂಚಾಕ್ಷರಿ ಕಾದ ಮಳೆಗಾಲ

ಕಳೆದ ವಾರ ಗೋವಿಂದರಾಜನಗರದ ಸೋದರತ್ತೆಯ ಮನೆಗೆ ಹೋಗಿ ಬರುವಾಗ ಜೋರು ಮಳೆ ಹಿಡಿಯಿತು. ಛತ್ರಿ ತಂದಿರಲಿಲ್ಲ. ಹತ್ತಿರದಲ್ಲಿ ನಿಲ್ಲಲು ಸಿಕ್ಕಿದ್ದು ಬಡಾವಣೆಯ ಹಳೆಯ ಗ್ರಂಥಾಲಯ. ಒಳಗೆ ಕಾಲಿಟ್ಟ ಕೂಡಲೇ ಒದ್ದೆ ಛತ್ರಿ, ಫಿನಾಯಿಲು, ಕಟ್ಟಿಟ್ಟ ಹಳೆಯ ದಿನಪತ್ರಿಕೆ ಎಲ್ಲವೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಕುರ್ಚಿಗಳು ಹೊಸವು, ಗೋಡೆಯ ಬಣ್ಣ ಹೊಸದು, ವಾಸನೆ ಮಾತ್ರ ಮೂರು ವರ್ಷದ ಹಿಂದಿನದೇ. ಆ ಒಂದು ಮಳೆಗಾಲ ಪೂರ್ತಿ ನೆನಪಿಗೆ ಬಂತು. ನಿಂತಲ್ಲೇ ಸುಸ್ತಾಯಿತು. ಆ ವರ್ಷವನ್ನು ನೆನೆದಾಗಲೆಲ್ಲ ನನಗೆ ಮೊದಲು ಆಗುವುದು ಸುಸ್ತು. ನಾಚಿಕೆ ಆಮೇಲೆ ಬರುತ್ತದೆ.

ಆ ವರ್ಷ ಜೂನ್ ತಿಂಗಳ ಒಂದು ಭಾನುವಾರ ಬೆಳಗ್ಗೆ ನಾನು ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ಹಿಂದಿನಿಂದ ಯಾರೋ "ಶ್ರೀಧರಣ್ಣ, ಒಂದ್ನಿಮಿಷ" ಎಂದರು. ನನ್ನ ಗೆಳೆಯ ಪಂಚಾಕ್ಷರಿಯ ಹೆಂಡತಿ ಸುಮಂಗಲಾ. ಖಾಸಗಿ ಶಾಲೆಯೊಂದರಲ್ಲಿ ಪ್ರೈಮರಿ ಮಕ್ಕಳಿಗೆ ಪಾಠ ಹೇಳುವಾಕೆ. ಯಾವಾಗಲೂ ನಗುತ್ತಾ ಮಾತಾಡುತ್ತಿದ್ದವರು ಅವತ್ತು ನಗಲಿಲ್ಲ. ಗಾಡಿಗಳ ಸದ್ದಿಲ್ಲದ ಕಡೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ಅವ್ರು ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಶರ್ಟು ಹಾಕ್ಕೊಂಡು, ಡಬ್ಬಿ ತಗೊಂಡು ಹೊರಡ್ತಾರೆ ಅಣ್ಣಾ. ಸಂಜೆ ಆರಕ್ಕೆ ಬರ್ತಾರೆ. ಕೆಲಸ ಇಲ್ಲ ಅಂತ ನಂಗೂ ಗೊತ್ತು, ಮಗಳಿಗೂ ಗೊತ್ತು. ಕೆಳಗಡೆ ಓನರ್ ಆಂಟಿಗೆ ಗೊತ್ತಾಗ್ಬಾರ್ದು ಅಂತ ಇಷ್ಟೆಲ್ಲ. ಇಡೀ ದಿನ ಲೈಬ್ರರೀಲಿ ಕೂತಿರ್ತಾರೆ."

"ಇಲ್ಲೇ ಗೋವಿಂದರಾಜನಗರದ ಲೈಬ್ರರೀನಾ?"

"ಹೂಂ. ನಿಮ್ಮ ಲೈನಲ್ಲಿ ಏನಾದ್ರೂ ದಾರಿ ತೋರ್ಸಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ, ಮರ್ಯಾದೆ ಹೋಯ್ತು ಅನ್ಕೋತಾರೆ."

ಪಂಚಾಕ್ಷರಿ ನನ್ನ ಜೊತೆ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವನು. ಅವನ ತಂದೆ ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಕಾಳುಕಡ್ಡಿಯ ಅಂಗಡಿ ಇಟ್ಟಿದ್ದರು. ಶಾಲೆ ಮುಗಿಸಿ ಇಬ್ಬರೂ ಡಿಪ್ಲೊಮಾ ಮಾಡಿದೆವು, ಅವನು ಮೆಕ್ಯಾನಿಕಲ್, ನಾನು ಎಲೆಕ್ಟ್ರಾನಿಕ್ಸ್. ನಾನು ಏನೇನೋ ಕೆಲಸ ಮಾಡಿ ಕೊನೆಗೆ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಬಂದು ಸೇರಿದೆ. ಅವನು ಅತ್ತಿತ್ತ ನೋಡದೆ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆದ. ಮಷೀನಿನಿಂದ ಬಂದ ಬಿಡಿಭಾಗಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು, ಸರಿಯಿದ್ದರೆ ಮುಂದಕ್ಕೆ ಕಳಿಸುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು. ಹದಿನಾರು ವರ್ಷ ಅದನ್ನೇ ಮಾಡಿದ. ಕೊರೊನಾ ಬಂದ ವರ್ಷ ಕಾರ್ಖಾನೆ ಬಾಗಿಲು ಹಾಕಿತು. ಜಾಗವನ್ನು ಯಜಮಾನರ ಮಕ್ಕಳು ಮಾರಿದರು. ಅಲ್ಲೀಗ ಅಪಾರ್ಟ್‌ಮೆಂಟ್ ಇದೆ. ಅವನಿಗೆ ಆಗ ನಲವತ್ತು ತುಂಬುತ್ತಿತ್ತು. ಬೇರೆ ಕಾರ್ಖಾನೆಗಳಿಗೆ ಎಳೆಯ ವಯಸ್ಸಿನವರು ಬೇಕಿತ್ತು. ಕೊರಿಯರ್ ಗೋಡೌನಿಗೆ ಸೇರಿ, ಮೂಟೆ ಎತ್ತಿ ಬೆನ್ನು ಹಿಡಿಸಿಕೊಂಡು, ಮೂರೇ ತಿಂಗಳಿಗೆ ಬಿಟ್ಟ. ಆಮೇಲೆ ಏನೂ ಇಲ್ಲ. ಹಾಗೇ ನಾಲ್ಕನೆಯ ವರ್ಷ ನಡೆಯುತ್ತಿತ್ತು.

ಬುಧವಾರ ರಜೆ ಹಾಕಿ ಗ್ರಂಥಾಲಯಕ್ಕೆ ಹೋದೆ. ಪಂಚಾಕ್ಷರಿ ಕಿಟಕಿಯ ಪಕ್ಕ ಕೂತು ಪತ್ರಿಕೆ ಓದುತ್ತಿದ್ದ. ಕೈಯಲ್ಲಿ ಪೆನ್ಸಿಲ್. ಕಾಲ ಬಳಿ ಡಬ್ಬಿಯ ಚೀಲ. ನನ್ನನ್ನು ನೋಡಿ ಅವನ ಮುಖ ಕಂದಿತು.

"ಏನೋ ಇಲ್ಲಿ?"

"ಮಳೆ ಬಂತು, ಒಳಗ್ ಬಂದೆ," ಎಂದೆ. ಹೊರಗೆ ಬಿಸಿಲಿತ್ತು. ಅವನು ಕಿಟಕಿಯ ಕಡೆ ನೋಡಿದ.

ಅವನ ಮುಂದಿದ್ದ ಪತ್ರಿಕೆಯಲ್ಲಿ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಸುತ್ತುಗಳು. ಬಗ್ಗಿ ನೋಡಿದೆ. ಅಚ್ಚಿನ ತಪ್ಪುಗಳು. ಒತ್ತಕ್ಷರ ಬಿಟ್ಟಿದ್ದು, ಒಂದೇ ಸಾಲು ಎರಡು ಸಲ ಬಂದಿದ್ದು, ಫೋಟೋದಲ್ಲಿ ನಾಲ್ಕು ಜನರಿದ್ದು ಕೆಳಗೆ ಮೂರೇ ಹೆಸರು ಹಾಕಿದ್ದು. ಒಂದು ಪುಟದಲ್ಲಿ ಹದಿನೇಳು.

"ಲೈಬ್ರರಿಯವ್ರು ಬೈಯಲ್ವೇನೋ?"

"ಬೈತಾರೆ. ಕೊನೇಲಿ ರಬ್ಬರ್ ಹಾಕಿ ಅಳಿಸ್ತೀನಿ," ಎಂದ.

ನನಗೆ ಅಲ್ಲೇ ಹೊಳೆಯಿತು. ಇಷ್ಟು ವರ್ಷ ನಾನು ಸಂಬಳ ತೆಗೆದುಕೊಳ್ಳುತ್ತಿರುವುದು ಇದೇ ಕೆಲಸಕ್ಕೆ. ಯಾರೋ ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ, ಹೇಗೆ ಬಂತೆಂದು ಬರೆದು, ಸರಿ ಮಾಡಿ ಎಂದು ವಾಪಸ್ ಕಳಿಸುವುದು. ಆಚೆ ಕರೆದುಕೊಂಡು ಹೋಗಿ, ಒಂದು ಬೈಟೂ ಕಾಫಿ ಹೇಳಿ, ವಿಷಯ ತೆಗೆದೆ. ಅವನು ಲೋಟ ಕೆಳಗಿಟ್ಟ.

"ನಂಗೆ ಕಂಪ್ಯೂಟರ್ ಅಂದ್ರೆ ಎಕ್ಸೆಲ್ ಅಷ್ಟೇ ಕಣೋ ಗೊತ್ತಿರೋದು."

"ಕಲಿ. ನಾನ್ ಹೇಳ್ಕೊಡ್ತೀನಿ. ಆರು ತಿಂಗಳಲ್ಲಿ ಎಲ್ಲಾದ್ರೂ ಒಂದ್ಕಡೆ ಸೇರ್ಕೋತೀಯ, ಗ್ಯಾರಂಟಿ."

ಗ್ಯಾರಂಟಿ ಎಂಬ ಮಾತನ್ನು ನಾನು ಎಷ್ಟು ಸಲೀಸಾಗಿ ಆಡಿದೆ ಎಂದು ಈಗ ಆಶ್ಚರ್ಯವಾಗುತ್ತದೆ.

ಜೂನ್ ಮಧ್ಯದಿಂದ ದಿನವೂ ಬೆಳಗ್ಗೆ ಆರೂವರೆಗೆ ಅವನ ಮನೆಗೆ ಹೋಗತೊಡಗಿದೆ. ನನ್ನ ಹಳೆಯ ಲ್ಯಾಪ್‌ಟಾಪನ್ನು ಅವನಿಗೇ ಕೊಟ್ಟೆ. ಎರಡನೆಯ ಮಹಡಿಯ ಪುಟ್ಟ ಹಾಲಿನಲ್ಲಿ ದಿವಾನದ ಮೇಲೆ ನಾವಿಬ್ಬರು, ಒಳಗೆ ಪಿಯುಸಿ ಓದುವ ಮಗಳು ತನ್ನ ಪಾಠ ಗಟ್ಟಿ ಮಾಡಿಕೊಳ್ಳುವ ಗುನುಗು, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ. ಅಂಗಳದ ನಲ್ಲಿಗೆ ನೀರು ಬರುವ ದಿನ ಅವನು ಮಧ್ಯೆ ಎದ್ದು ಹೋಗಿ ಬಿಂದಿಗೆಗಳನ್ನು ತುಂಬಿಸಿ ಬರುತ್ತಿದ್ದ. ಎಂಟಕ್ಕೆ ನಾನು ಅಲ್ಲಿಂದಲೇ ಮೆಟ್ರೊ ಹತ್ತಿ ಮೈಸೂರು ರಸ್ತೆಯ ಕಡೆಯ ಆಫೀಸಿಗೆ ಹೋಗುತ್ತಿದ್ದೆ.

ಮೊದಲ ದಿನ ಒಂದು ವೆಬ್‌ಸೈಟಿನ ಲಾಗಿನ್ ಪುಟ ತೆರೆದು, "ಇದ್ರಲ್ಲಿ ಏನೇನ್ ತಪ್ಪಿದೆ ಹುಡುಕು" ಎಂದೆ. ಅವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ.

"ಡ್ರಾಯಿಂಗ್ ಎಲ್ಲಿ?"

"ಯಾವ ಡ್ರಾಯಿಂಗೋ?"

"ಇದು ಹೆಂಗಿರ್ಬೇಕು ಅಂತ ಯಾರಾದ್ರೂ ಬರ್ದಿರ್ಬೇಕಲ್ಲ? ಅದಿಲ್ದೆ ಸರಿ ಯಾವುದು, ತಪ್ಪು ಯಾವುದು ಅಂತ ಹೆಂಗ್ ಹೇಳ್ಲಿ?"

ನನ್ನ ಕೈಕೆಳಗೆ ಕೆಲಸ ಮಾಡುವ ಎಂಟು ಜನರಲ್ಲಿ ಈ ಪ್ರಶ್ನೆಯನ್ನು ಮೊದಲ ದಿನ ಕೇಳಿದವರು ಯಾರೂ ಇರಲಿಲ್ಲ. ನನಗೆ ಖುಷಿಯಾಯಿತು. ಆ ಖುಷಿ ಒಂದು ತಿಂಗಳು ನನ್ನನ್ನು ನಡೆಸಿತು. ಅವನು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ. ಕೋಡಿನ ಸಾಲು ಕಂಡರೆ ಬೆವರುತ್ತಿದ್ದ. ಇಂಗ್ಲಿಷಿನಲ್ಲಿ ವರದಿ ಬರೆಯುವುದು ಅವನಿಗೆ ಹಿಂಸೆ. ಆದರೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ದಿನವೂ ಗ್ರಂಥಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಈಗ ಚೀಲದಲ್ಲಿ ಡಬ್ಬಿಯ ಜೊತೆ ಲ್ಯಾಪ್‌ಟಾಪ್ ಇರುತ್ತಿತ್ತು. ಶನಿವಾರ ಮಧ್ಯಾಹ್ನ ನಾನೂ ಆಗಾಗ ಅಲ್ಲಿಗೆ ಹೋಗಿ ಅವನ ಪಕ್ಕ ಕೂತು ತಿದ್ದುತ್ತಿದ್ದೆ.

ಜುಲೈ ಹೋಯಿತು, ಆಗಸ್ಟ್ ಬಂತು. ಮಳೆ ಬಿಡಲಿಲ್ಲ. ಅರ್ಜಿ ಹಾಕಲು ಶುರು ಮಾಡಿದೆವು. ಮೊದಲ ವಾರ ಪ್ರತಿ ಅರ್ಜಿಯನ್ನೂ ಇಬ್ಬರೂ ಕೂತು ಎರಡು ಸಲ ಓದಿ ಕಳಿಸುತ್ತಿದ್ದೆವು. ಆಮೇಲೆ ಲೆಕ್ಕ ಬಿಟ್ಟೆವು. ಕೆಲವು ಕಡೆಯಿಂದ ಅರ್ಜಿ ಕಳಿಸಿದ ಎರಡೇ ನಿಮಿಷಕ್ಕೆ ಬೇಡ ಎಂಬ ಉತ್ತರ ಬರುತ್ತಿತ್ತು. "ಓದೋಕಾದ್ರೂ ಟೈಮ್ ಬೇಡ್ವೇನೋ?" ಎಂದು ಪಂಚಾಕ್ಷರಿ ಕೇಳಿದ. ಓದುವುದು ಮನುಷ್ಯರಲ್ಲ ಎಂದು ವಿವರಿಸಿದೆ. ಒಂದೇ ಒಂದು ವಿಡಿಯೊ ಸಂದರ್ಶನ ಸಿಕ್ಕಿತು. ಆ ಕಡೆ ಇದ್ದವನಿಗೆ ಇಪ್ಪತ್ತೈದಿರಬೇಕು.

"ನಾಲ್ಕು ವರ್ಷ ಗ್ಯಾಪ್ ಇದೆ. ಏನ್ ಮಾಡ್ತಾ ಇದ್ರಿ?"

"ಕೆಲಸ ಹುಡುಕ್ತಾ ಇದ್ದೆ ಸಾರ್."

"ಅದಲ್ಲ, ಪ್ರೊಡಕ್ಟಿವ್ ಆಗಿ ಏನ್ ಮಾಡಿದ್ರಿ ಅಂತ."

ಪಂಚಾಕ್ಷರಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ. ಕ್ಯಾಮೆರಾಗೆ ಕಾಣದ ಹಾಗೆ ಬಾಗಿಲ ಬಳಿ ನಿಂತಿದ್ದ ನಾನು ಕೈಸನ್ನೆ ಮಾಡುತ್ತಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಸಂದರ್ಶನ ಅಲ್ಲಿಗೇ ಮುಗಿಯಿತು.

ಆ ಹೊತ್ತಿಗೆ ನನಗೂ ಸಾಕಾಗಿತ್ತು. ಆಫೀಸಿನಲ್ಲಿ ನನ್ನ ತಂಡದ ಎಂಟು ಜನರಲ್ಲಿ ಮೂವರನ್ನು ತೆಗೆದಿದ್ದರು. ಎಐ ಬಂದ ಮೇಲೆ ಇಷ್ಟು ಜನ ಟೆಸ್ಟರುಗಳು ಯಾಕೆ ಎಂಬ ಮಾತು ಪ್ರತಿ ಮೀಟಿಂಗಿನಲ್ಲೂ ಬರುತ್ತಿತ್ತು. ಮೂವರ ಕೆಲಸ ಉಳಿದವರ ಮೇಲೆ ಬಿತ್ತು. ಬೆಳಗ್ಗೆ ಆರೂವರೆಗೆ ಅವನ ಮನೆಯ ಮೆಟ್ಟಿಲು ಹತ್ತುವಾಗ ಕಾಲು ಭಾರವಾಗುತ್ತಿತ್ತು. ಒದ್ದೆ ಚಪ್ಪಲಿ ಬಿಟ್ಟು ಒಳಗೆ ಹೋದರೆ ಅವನು ಆಗಲೇ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಕಾಯುತ್ತಿರುತ್ತಿದ್ದ. ಅವನ ತಯಾರಿಯನ್ನು ಕಂಡರೆ ನನಗೆ ಸಿಟ್ಟು ಬರತೊಡಗಿತು. ಯಾಕೆಂದು ಆಗ ತಿಳಿಯಲಿಲ್ಲ.

ವಿಜಯನಗರದಲ್ಲಿ ಬಟ್ಟೆ ಅಂಗಡಿಯ ಮೇಲೆ ಒಂದು ಟ್ರೇನಿಂಗ್ ಸೆಂಟರ್ ಇತ್ತು. ಕೆಲಸವಿಲ್ಲದ ವರ್ಷಗಳಿಗೆ ಯಾವುದೋ ಕಂಪನಿಯ ಹೆಸರಿನಲ್ಲಿ ಸುಳ್ಳು ಅನುಭವದ ಪತ್ರ ಮಾಡಿಕೊಡುತ್ತಾರೆ ಎಂದು ಕೇಳಿದ್ದೆ. ಒಂದು ಬೆಳಗ್ಗೆ ನಾನೇ ಬಾಯಿ ಬಿಟ್ಟೆ.

"ಒಂದ್ಸಲ ಮಾಡಿಸ್ಕೊಂಡ್ ಬಿಡೋ. ತುಂಬಾ ಜನ ಮಾಡಿಸ್ಕೋತಾರೆ."

ಅವನು ನನ್ನ ಮುಖವನ್ನೇ ನೋಡಿದ. "ಹದಿನಾರು ವರ್ಷ ಕೆಂಪು ಚೀಟಿ ಕಟ್ಟಿದೀನಿ. ಕೂದಲೆಳೆಯಷ್ಟು ಹೆಚ್ಚಿದ್ರೂ ಬಿಟ್ಟಿಲ್ಲ. ಈಗ ನಂಗ್ ನಾನೇ ಪಾಸ್ ಅಂತ ಸೀಲ್ ಹೊಡ್ಕೊಳ್ಲಾ?"

"ಹಂಗಾದ್ರೆ ಹಿಂಗೇ ಕೂತಿರು," ಎಂದುಬಿಟ್ಟೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನು ನೋಟ್‌ಬುಕ್ಕಿನ ಪುಟ ತಿರುವಿದ. "ಮುಂದಿನ ಪ್ರಶ್ನೆ ಕೇಳ್ಲಾ?" ಎಂದ.

ಆ ಮಾತಿಗೆ ಪ್ರಾಯಶ್ಚಿತ್ತ ಎಂದುಕೊಂಡೋ ಏನೋ, ಮರುವಾರ ಹೇಳಿದೆ: "ನಮ್ಮ ಕಂಪನೀಲೇ ರೆಫರ್ ಮಾಡ್ತೀನಿ. ನಮ್ಮ ಮ್ಯಾನೇಜರ್ ಹತ್ರ ಮಾತಾಡ್ತೀನಿ." ಅವನ ಕಣ್ಣು ಅರಳಿದ್ದು ಈಗಲೂ ನೆನಪಿದೆ. ಸುಮಂಗಲಾ ಅವತ್ತು ನನಗೆ ಶಾವಿಗೆ ಉಪ್ಪಿಟ್ಟು ಬಡಿಸಿ ಇನ್ನೊಂದು ಸಲ ಹಾಕಿದರು.

ಮ್ಯಾನೇಜರ್ ಹತ್ತಿರ ಮಾತಾಡಿದೆ. ಅವನು ಮಾತು ಮುಗಿಸಲೂ ಬಿಡಲಿಲ್ಲ. "ನಲವತ್ನಾಕು ವರ್ಷ, ನಾಲ್ಕು ವರ್ಷ ಗ್ಯಾಪ್, ಐಟಿ ಅನುಭವ ಇಲ್ಲ. ಸೀರಿಯಸ್ಸಾಗಿ ಹೇಳ್ತಿದೀರಾ ಶ್ರೀಧರ್? ಇರೋರನ್ನೇ ಉಳಿಸ್ಕೊಳ್ಳೋಕೆ ಆಗ್ತಿಲ್ಲ." ಅರ್ಜಿಯನ್ನು ಒಳಗೆ ಹಾಕುವುದೂ ಬೇಡ ಎಂದ. ನಾನು ಹಾಕಲಿಲ್ಲ.

ಅವತ್ತು ಸಂಜೆ ಪಂಚಾಕ್ಷರಿ ಫೋನ್ ಮಾಡಿದ. ನಿಜ ಹೇಳಬೇಕೆಂದೇ ಎತ್ತಿದೆ. ಅವನ "ಹಲೋ"ದಲ್ಲಿದ್ದ ಆತುರ ಕೇಳಿ ನನ್ನ ಬಾಯಿ ಬೇರೆಯದನ್ನೇ ಹೇಳಿತು.

"ಪ್ರೋಸೆಸ್‌ನಲ್ಲಿದೆ ಕಣೋ. ಸ್ವಲ್ಪ ಟೈಮ್ ಆಗುತ್ತೆ."

ಐದು ವಾರ ಅದನ್ನೇ ಹೇಳಿದೆ. ಮೊದಲ ವಾರ ಹೇಳಲು ಆಗಲಿಲ್ಲ. ಎರಡನೆಯ ವಾರ, ಮೊದಲೇ ಯಾಕೆ ಹೇಳಲಿಲ್ಲ ಎಂದಾನೆಂಬ ಅಂಜಿಕೆ. ಮೂರನೆಯ ವಾರದಿಂದ ಬೆಳಗಿನ ಪಾಠಕ್ಕೆ ಹೋಗುವುದನ್ನೇ ನಿಲ್ಲಿಸಿದೆ, ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇದೆ ಎಂದು ನೆವ ಹೇಳಿದೆ. ಪ್ರತಿ ಸೋಮವಾರ ಬೆಳಗ್ಗೆ ಹತ್ತಕ್ಕೆ ಅವನ ಮೆಸೇಜ್ ಬರುತ್ತಿತ್ತು: "ಏನಾದ್ರೂ ಸುದ್ದಿ?" ಒಂದೇ ಸಾಲು. ನಾನು ಸಂಜೆಯವರೆಗೆ ಅದನ್ನು ತೆರೆಯುತ್ತಿರಲಿಲ್ಲ.

ನಾಲ್ಕನೆಯ ವಾರ ಮಧ್ಯಾಹ್ನ ಅವನೇ ಫೋನ್ ಮಾಡಿದ. ನಾನು ಮೀಟಿಂಗಿನಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಮಾತಾಡಿದೆ.

"ಕೆಂಗೇರೀಲಿ ನಮ್ಮ ಚಿಕ್ಕಪ್ಪನ ಪೈಕಿಯವ್ರದ್ದು ಟೈಲ್ಸ್ ಗೋಡೌನ್ ಇದೆ. ಸ್ಟೋರ್ ನೋಡ್ಕೊಳ್ಳೋಕೆ ಬಾ ಅಂತಿದಾರೆ. ನಾಳೆ ಒಳಗೆ ಹೇಳ್ಬೇಕು. ಸೇರ್ಲಾ, ಬೇಡ್ವಾ? ನಿಂದು ಎಲ್ಲಿಗ್ ಬಂತು ಹೇಳು."

ಒಳಗಿನಿಂದ ಯಾರೋ ನನ್ನನ್ನು ಕೂಗಿದರು. ನಿಜ ಹೇಳಲು ಎರಡು ನಿಮಿಷ ಸಾಕಿತ್ತು. "ಸ್ವಲ್ಪ ತಾಳು ಮಗಾ. ಪ್ರೋಸೆಸ್‌ನಲ್ಲಿದೆ," ಎಂದು ಇಟ್ಟುಬಿಟ್ಟೆ.

ಅವನು ಕೆಂಗೇರಿಯವರಿಗೆ ಬೇಡ ಎಂದು ಹೇಳಿದ.

ಐದನೆಯ ವಾರದ ಕೊನೆಗೆ ನಿಜ ಹೊರಗೆ ಬಂತು. ಸುಮಂಗಲಾ ಅವರ ಶಾಲೆಯ ಟೀಚರೊಬ್ಬರ ತಮ್ಮ ನಮ್ಮದೇ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದ. ಸುಮಂಗಲಾ ಅವನ ಹತ್ತಿರ ವಿಚಾರಿಸಿದಾಗ, ಆ ಹೆಸರಿನ ಅರ್ಜಿಯೇ ಬಂದಿಲ್ಲ ಎಂಬ ಉತ್ತರ ಬಂತು.

ಅವತ್ತು ಸಂಜೆ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಬರುವಾಗ ಪಂಚಾಕ್ಷರಿ ಕೆಳಗೆ ನಿಂತಿದ್ದ. ಮಳೆ ಸುರಿಯುತ್ತಿತ್ತು. ಜನ ಛತ್ರಿ ಬಿಚ್ಚಲು, ಆಟೋ ಹಿಡಿಯಲು ನೂಕಾಡುತ್ತಿದ್ದರು. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಕಾದಿದ್ದನೋ.

"ಅಪ್ಲಿಕೇಶನ್ ಹಾಕಿದ್ಯೇನೋ?" ಎಂದ.

ನಾನು ಕೆಳಗಿನ ಮೆಟ್ಟಿಲಿನ ಮೇಲೆಯೇ ನಿಂತೆ. "ಇಲ್ಲ."

"ಯಾವತ್ತೂ?"

"ಮ್ಯಾನೇಜರ್ ಮೊದಲ್ನೇ ದಿನಾನೇ ಆಗಲ್ಲ ಅಂದ. ನಿಂಗೆ ಹೆಂಗ್ ಹೇಳೋದು ಅಂತ…"

"ಆಗಲ್ಲ ಅಂತ ನಂಗೆ ಎಷ್ಟ್ ಜನ ಹೇಳಿದಾರೆ ಗೊತ್ತಾ? ನಾಲ್ಕು ವರ್ಷದಿಂದ ಅದೊಂದನ್ನೇ ಕೇಳ್ತಿದೀನಿ. ನೀನು ಹೇಳಿದ್ರೆ ಇನ್ನೊಂದು ಸೇರ್ತಿತ್ತು ಅಷ್ಟೆ." ಅವನ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಕೆಂಗೇರಿ ಕೆಲಸ ಬಿಟ್ಟೆ ಕಣೋ. ನೀನು ತಾಳು ಅಂದೆ ಅಂತ ಬಿಟ್ಟೆ. ಸುಮಾ ಬೇಡ ಬೇಡ ಅಂದ್ರೂ, ಶ್ರೀಧರ ಹೇಳಿದಾನೆ, ಇರು ಅಂದೆ."

ಹಿಂದಿನಿಂದ ಬಂದ ಜನ ನನ್ನನ್ನು ಪಕ್ಕಕ್ಕೆ ತಳ್ಳಿದರು. ಮತ್ತೆ ನೋಡುವಷ್ಟರಲ್ಲಿ ಅವನು ರಸ್ತೆ ದಾಟುತ್ತಿದ್ದ.

ಮನೆಗೆ ಬಂದು ಹೆಂಡತಿ ಲತಾಳಿಗೆ ಎಲ್ಲ ಹೇಳಿದೆ. ಅವಳು ಟವೆಲ್ ಕೊಟ್ಟು, "ಒಂದು ಇಲ್ಲ ಅನ್ನೋಕೆ ಏನ್ ಕಷ್ಟ ಇತ್ತು ನಿಮ್ಗೆ?" ಎಂದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಹಳ ದಿನ ಕಳೆದೆ. ನನಗೆ ಅವನ ಮೇಲೆ ಪ್ರೀತಿ ಇತ್ತು, ಅದು ಸುಳ್ಳಲ್ಲ. ಆದರೆ ನಾನು ಉಳಿಸಿಕೊಳ್ಳಲು ನೋಡಿದ್ದು ಅವನ ಆಸೆಯನ್ನಲ್ಲ. ಅವನ ಕಣ್ಣಿನಲ್ಲಿ ನನಗಿದ್ದ ದೊಡ್ಡಸ್ತಿಕೆಯನ್ನು. ಇಲ್ಲ ಎಂದರೆ ನಾನೂ ಕೈಲಾಗದವನೇ ಎಂದು ಅವನಿಗೆ ತಿಳಿಯುತ್ತಿತ್ತು. ಆಫೀಸಿನಲ್ಲಿ ನನ್ನ ಮಾತು ನಡೆಯುವುದಿಲ್ಲ, ನನ್ನ ಕುರ್ಚಿಯೇ ಅಲುಗಾಡುತ್ತಿದೆ ಎಂದು ನಾನು ಅವನಿಗೆ ಒಂದು ದಿನವೂ ಹೇಳಿರಲಿಲ್ಲ.

ಮೂರು ವಾರ ಮಾತಿಲ್ಲ. ಸೋಮವಾರಗಳು ಬಂದವು, ಮೆಸೇಜ್ ಬರಲಿಲ್ಲ. ನಾನು ಹತ್ತು ಗಂಟೆಗೆ ಫೋನ್ ನೋಡುವುದನ್ನು ಬಿಡಲಿಲ್ಲ.

ಅಕ್ಟೋಬರಿನಲ್ಲಿ, ನನ್ನ ತಂಡದಿಂದ ಹೋದ ಮೂವರಲ್ಲಿ ಒಬ್ಬಳು ಕೆಲಸದ ಸುದ್ದಿಯೊಂದನ್ನು ಕಳಿಸಿದಳು. ಅವಳು ಸೇರಿದ ಸಣ್ಣ ಕಂಪನಿ ಕಾರ್ಖಾನೆಗಳಿಗೆ ಅಳತೆಯ ಸಾಫ್ಟ್‌ವೇರ್ ಮಾಡುತ್ತಿತ್ತು. ಬಿಡಿಭಾಗದ ಅಳತೆಯನ್ನು ಉಪಕರಣದಿಂದ ನೇರವಾಗಿ ಕಂಪ್ಯೂಟರ್ ತೆಗೆದುಕೊಂಡು, ಸರಿಯಿದೆಯೋ ಇಲ್ಲವೋ ಹೇಳುತ್ತದೆ. ಅವರಿಗೆ ಒಬ್ಬ ಟೆಸ್ಟರ್ ಬೇಕಿತ್ತು. ಓದಿದ ಕೂಡಲೇ ಎದ್ದು ನಿಂತೆ. ಆಮೇಲೆ ಮತ್ತೆ ಕೂತೆ. ಈ ಸಲ ಪೂರ್ತಿ ವಿಚಾರಿಸದೆ ಬಾಯಿ ಬಿಡಬಾರದು. ಎರಡು ದಿನ ಫೋನ್ ಮಾಡಿ ಎಲ್ಲವನ್ನೂ ಕೇಳಿ, ಚೀಟಿಯಲ್ಲಿ ಬರೆದುಕೊಂಡೆ.

ಆಯುಧಪೂಜೆಯ ದಿನ ಬೆಳಗ್ಗೆ ಅವನ ಮನೆಗೆ ಹೋದೆ. ಕೆಳಗೆ ಓನರ್ ಆಂಟಿಯ ಸ್ಕೂಟರಿಗೆ ಹೂವು ಕಟ್ಟುತ್ತಿದ್ದರು. ಬಾಗಿಲು ತೆರೆದ ಸುಮಂಗಲಾ ನನ್ನನ್ನು ನೋಡಿ, "ಬನ್ನಿ" ಎಂದರು. ಅಣ್ಣ ಎನ್ನಲಿಲ್ಲ. ದೇವರ ಮುಂದೆ ಮಣೆಯ ಮೇಲೆ ಅವನ ಹಳೆಯ ಮೈಕ್ರೋಮೀಟರು, ಹೊಲಿಗೆಯ ಕತ್ತರಿ, ಮಗಳ ಪೆನ್ನುಗಳು, ಅದರ ಪಕ್ಕ ನನ್ನ ಲ್ಯಾಪ್‌ಟಾಪು. ಎಲ್ಲಕ್ಕೂ ಕುಂಕುಮ ಇಟ್ಟಿತ್ತು. ಪಂಚಾಕ್ಷರಿ ಚಾಪೆಯ ಮೇಲೆ ಕೂತಿದ್ದ. ನಾನೂ ಕೂತೆ.

"ಒಂದ್ ಕೆಲಸ ಇದೆ," ಎಂದೆ. "ಪೂರ್ತಿ ಹೇಳ್ತೀನಿ, ಆಮೇಲೆ ನೀನ್ ಯೋಚ್ನೆ ಮಾಡು. ಆರು ತಿಂಗಳು ಕಾಂಟ್ರಾಕ್ಟು. ಆಮೇಲೆ ಇಟ್ಕೋತಾರೆ ಅಂತ ಏನಿಲ್ಲ. ಸಂಬಳ ನಿನ್ನ ಹಳೇ ಕೆಲಸಕ್ಕಿಂತ ಕಮ್ಮಿ. ಟೆಸ್ಟ್ ಇರುತ್ತೆ, ಇನ್ನೂ ಇಬ್ರು ಬರ್ತಾರೆ, ಚಿಕ್ಕ ವಯಸ್ಸಿನೋರು. ಅಲ್ಲಿ ನನ್ ಮಾತು ನಡೆಯಲ್ಲ. ನಿನ್ನ ಹೆಸರು ಕೊಡ್ಬಹುದು, ಅಷ್ಟೇ ನನ್ ಕೈಲಾಗೋದು."

ಅವನು ಎಲ್ಲ ಕೇಳಿ, "ಹೆಸರು ಕೊಟ್ಯಾ?" ಎಂದ.

"ಇಲ್ಲ. ನಿನ್ನ ಕೇಳಿ ಕೊಡೋಣ ಅಂತ ಬಂದೆ."

"ಈಗ ಕೊಡು. ನನ್ನ ಎದ್ರಿಗೇ."

ಅಲ್ಲೇ ಕೂತು ಮೆಸೇಜ್ ಕಳಿಸಿ, ಫೋನನ್ನು ಅವನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ. ತನ್ನ ಹೆಸರಿನಲ್ಲಿ ಬಿಟ್ಟುಹೋದ ಒಂದು ಅಕ್ಷರವನ್ನು ತಿದ್ದಿಸಿದ.

ಆ ಸಂದರ್ಶನದ ದಿನ ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಸ್ವಲ್ಪ ಅವನೂ ಸ್ವಲ್ಪ ನನ್ನ ಹಳೆಯ ಸಹೋದ್ಯೋಗಿಯೂ ಹೇಳಿದರು. ಮೂವರಿಗೂ ಒಂದೊಂದು ಕಂಪ್ಯೂಟರ್ ಕೊಟ್ಟು, ಬೇಕೆಂದೇ ಹತ್ತು ತಪ್ಪುಗಳನ್ನಿಟ್ಟ ಸಾಫ್ಟ್‌ವೇರಿನಲ್ಲಿ ಎರಡು ಗಂಟೆಯೊಳಗೆ ತಪ್ಪು ಹುಡುಕಿ ಎಂದರಂತೆ. ಹುಡುಗರಿಬ್ಬರೂ ಎಂಟು, ಒಂಬತ್ತು ಹುಡುಕಿದರು. ಪಂಚಾಕ್ಷರಿ ಹುಡುಕಿದ್ದು ಐದು. ಪರೀಕ್ಷೆ ನಡೆಸುತ್ತಿದ್ದ ಶ್ರೀವಿದ್ಯಾ ಎಂಬಾಕೆ ಅವನ ಪಟ್ಟಿ ನೋಡಿ, "ಇಷ್ಟೇನಾ ಸಾರ್?" ಎಂದಾಗ ಅವನು ಹೇಳಿದನಂತೆ:

"ಇನ್ನೊಂದಿದೆ ಮೇಡಂ. ಬರೆಯೋಕೆ ಇಂಗ್ಲಿಷ್ ಸಿಗ್ಲಿಲ್ಲ. ಈ ತೂತು ಇಪ್ಪತ್ತೈದು ಪಾಯಿಂಟ್ ಸೊನ್ನೆ ಎರಡು ಒಂದು ಎಂಎಂ ದಾಟಬಾರ್ದು ಅಂತ ಡ್ರಾಯಿಂಗ್‌ನಲ್ಲಿದೆ. ಇಲ್ಲಿ ಬಂದಿರೋದು ಸೊನ್ನೆ ಎರಡು ನಾಲ್ಕು. ನಿಮ್ಮ ಸಾಫ್ಟ್‌ವೇರು ಕೊನೇ ಅಂಕಿ ಬಿಟ್ಟು ಸೊನ್ನೆ ಎರಡು ಅನ್ಕೊಂಡು ಹಸಿರು ತೋರಿಸ್ತಾ ಇದೆ. ನಾನಾಗಿದ್ರೆ ಈ ಪೀಸ್ ಪಾಸ್ ಮಾಡಲ್ಲ."

ಆಕೆ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಮತ್ತೆ ಮಾಡಿ ನೋಡಿದರಂತೆ. ಆ ತಪ್ಪು ಅವರು ಇಟ್ಟ ಹತ್ತರಲ್ಲಿ ಇರಲಿಲ್ಲ.

ಮೂರು ದಿನದ ಮೇಲೆ, ನಾನು ಊಟ ಮಾಡುವ ಹೊತ್ತಿಗೆ ಅವನ ಫೋನ್ ಬಂತು. "ತಗೊಂಡ್ರು," ಎಂದ. ಹಿಂದಿನಿಂದ ಸುಮಂಗಲಾ ಯಾರಿಗೋ ಫೋನಿನಲ್ಲಿ ಜೋರಾಗಿ ಹೇಳುವುದು ಕೇಳಿಸುತ್ತಿತ್ತು. ನಾನು "ಒಳ್ಳೇದಾಯ್ತು ಕಣೋ" ಎಂದೆ. ಮೊದಲ ದಿನ ಬೈಕಿನಲ್ಲಿ ಬಿಡಲಾ ಎಂದು ಕೇಳಿದೆ. "ಬೇಡ, ಬಸ್ಸಿದೆ," ಎಂದ.

ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬ ಅವನ ತಂಡದ ಲೀಡ್. ಆ ಹುಡುಗನನ್ನು ಸಾರ್ ಎನ್ನಬೇಕೋ ಹೆಸರು ಹಿಡಿದು ಕರೆಯಬೇಕೋ ತಿಳಿಯದೆ, ಪಂಚಾಕ್ಷರಿ ಮೊದಲ ತಿಂಗಳು ಕರೆಯದೆಯೇ ಕಾಲ ಹಾಕಿದನಂತೆ. ಸಂಜೆ ಮನೆಗೆ ಬಂದರೆ ಕಣ್ಣುರಿ. ವರದಿಯ ಇಂಗ್ಲಿಷನ್ನು ಮಗಳು ತಿದ್ದಿಕೊಡುತ್ತಿದ್ದಳು. ಇದೆಲ್ಲ ನನಗೆ ಗೊತ್ತಾಗುತ್ತಿದ್ದುದು ಸುಮಂಗಲಾ ಲತಾಳಿಗೆ ಫೋನ್ ಮಾಡಿದಾಗ. ಅವನಾಗಿ ಮಾಡುತ್ತಿರಲಿಲ್ಲ. ನಾನೂ ಕೆದಕಲಿಲ್ಲ. ಆರು ತಿಂಗಳು ಮುಗಿಯುವ ಹೊತ್ತಿಗೆ ಮತ್ತೆ ಮೋಡ ಕಟ್ಟತೊಡಗಿತ್ತು. ಅವನ ಕೆಲಸ ಕಾಯಂ ಆಯಿತು.

ಆ ಭಾನುವಾರ ಬೆಳಗ್ಗೆ ಅವನು, ಸುಮಂಗಲಾ ಇಬ್ಬರೂ ನಮ್ಮ ಮನೆಗೆ ಬಂದರು. ಬೆಣ್ಣೆ ಬಿಸ್ಕತ್ತು, ಮೈಸೂರು ಪಾಕು ತಂದಿದ್ದರು. "ಶ್ರೀಧರಣ್ಣ, ನೀವಿಲ್ದಿದ್ರೆ ಆಗ್ತಿರ್ಲಿಲ್ಲ," ಎಂದರು ಸುಮಂಗಲಾ. ಅಣ್ಣ ಎಂಬುದು ವಾಪಸ್ ಬಂದಿತ್ತು. ನಾನು ಏನೋ ತೊದಲಿದೆ. ಕಾಫಿ ಆಯಿತು. ಹೆಂಗಸರು ಒಳಗೆ ಮಾತಿಗೆ ಕೂತರು. ಪಂಚಾಕ್ಷರಿ ಎದ್ದು ಬಾಲ್ಕನಿಗೆ ಬಂದ. ಹಿಂದೆಯೇ ನಾನೂ ಬಂದೆ. ಕೆಳಗೆ ತರಕಾರಿ ಗಾಡಿಯವನು ಕೂಗುತ್ತಿದ್ದ.

"ಶ್ರೀಧರ, ಒಂದು ಹೇಳ್ಬೇಕು," ಎಂದ. "ನೀನು ಕಲ್ಸಿದ್ದು ಮರೆಯಲ್ಲ. ಆದ್ರೆ ಆ ಐದು ವಾರ ನೀನು ನಂಗೆ ಹಂಗೆ ಮಾಡ್ಬಾರ್ದಿತ್ತು. ಇದನ್ನ ಹೇಳ್ದೆ ಬರೀ ಸ್ವೀಟ್ ಕೊಟ್ಟು ಹೋದ್ರೆ ಸರಿಯಾಗಲ್ಲ ಅಂತ ಹೇಳ್ತಿದೀನಿ."

"ಹೌದು," ಎಂದೆ. "ಮಾಡ್ಬಾರ್ದಿತ್ತು. ತಪ್ಪಾಯ್ತು ಕಣೋ."

ಅಷ್ಟು ದಿನ ಒಂದು ಸಲವೂ ಬಾಯಿಗೆ ಬಾರದ ಆ ಮಾತು ಇದ್ದದ್ದು ಅಷ್ಟೇ ಉದ್ದ. ಅವನು ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ಇಬ್ಬರೂ ಕಂಬಿ ಹಿಡಿದು ಕೆಳಗೆ ನೋಡುತ್ತಾ ನಿಂತೆವು.

ಅವನೇ ಬೇರೆ ಮಾತು ತೆಗೆದ. "ಆಫೀಸಲ್ಲಿ ಆಟೊಮೇಶನ್ ಕಲೀಬೇಕು ಅಂತಿದಾರೆ. ಕೋಡ್ ಬರೀಬೇಕಂತೆ. ನಂಗೆ ತಲೆಗೇ ಹತ್ತುತ್ತಿಲ್ಲ. ಮಂಗಳವಾರ ಬೆಳಗ್ಗೆ ಬರ್ತೀಯೇನೋ?"

ಮಂಗಳವಾರ ಆಫೀಸಿನಲ್ಲಿ ಏಳಕ್ಕೇ ಮೀಟಿಂಗ್ ಇತ್ತು. ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

"ಮಂಗಳವಾರ ಆಗಲ್ಲ ಕಣೋ," ಎಂದೆ. "ಗುರುವಾರ ಆಗುತ್ತೆ."

"ಸರಿ, ಗುರುವಾರ," ಎಂದ.

ಗುರುವಾರ ಹೋದೆ.